ಧ್ರುವದ ನೆತ್ತಿಯ ಬೆಳಕೂ ಕೊರ್ಲಹಳ್ಳಿಯ ಹುಡುಗಿಯೂ



ನಮ್ಮ ಶಾಲೆಯ ಸ್ಮರಣಸಂಚಿಕೆಗೆ ಏನಾದರೂ ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ಕೇಳಿದಾಗ, ಹಳೆಯ ದಿನಗಳ ನೆನಪುಗಳನ್ನೇ ಬರೆಯೋಣವೆಂದು ಮೊದಲು ಎಣಿಸಿದ್ದೆನು. ಆದರೆ ಹೋದ ಬೇಸಿಗೆಯಲ್ಲಿ ತವರೂರಾದ ಕೊರ್ಲಹಳ್ಳಿಗೆ ಹೋಗಿದ್ದಾಗ ನಡೆದ ಒಂದು ಸಣ್ಣ ಮಾತುಕತೆಯು ಆ ಎಣಿಕೆಯನ್ನು ಬದಲಿಸಿತು.

ಸಾಯಂಕಾಲ ನಾವು ನಾಲ್ಕಾರು ಮಂದಿ ಮನೆಯ ಮುಂದಿನ ಕಟ್ಟೆಯ ಮೇಲೆ ಕುಳಿತಿದ್ದೆವು. ಹೊಳೆಯ ಕಡೆಯಿಂದ ಗಾಳಿ ಬೀಸುತ್ತಿತ್ತು. ನಮ್ಮ ಶಾಲೆಯಲ್ಲಿಯೇ ಹತ್ತನೆಯ ತರಗತಿಯಲ್ಲಿ ಓದುತ್ತಿರುವ ನೆರೆಮನೆಯ ಹುಡುಗಿಯೊಬ್ಬಳು ಒಂದು ಚಿತ್ರವನ್ನು ತಂದು ತೋರಿಸಿದಳು. ಉಪಗ್ರಹವೊಂದು ಮೇಲಿನಿಂದ ತೆಗೆದ ಧ್ರುವಪ್ರದೇಶದ ಚಿತ್ರವದು. ಕತ್ತಲೆಯ ಭೂಮಿಯ ನೆತ್ತಿಯ ಸುತ್ತ ಬಳೆಯಂತೆ ಹೊಳೆಯುವ ಒಂದು ಬೆಳಕು. ಆ ಬಳೆಯನ್ನು ಎರಡು ಪಾಲು ಮಾಡುವಂತೆ ನಡುವೆ ಒಂದು ಬೆಳಕಿನ ಗೆರೆ. ಅವಳು ಕೇಳಿದ್ದಿಷ್ಟು: “ಅಕ್ಕೋರೆ, ಸೂರ್ಯನಲ್ಲಿ ಕೋಲಾಹಲವೆದ್ದಾಗ ಧ್ರುವಪ್ರಭೆ ಹೆಚ್ಚಾಗಿ ಹೊಳೆಯುತ್ತದೆಂದು ಓದಿದ್ದೇನೆ. ಈ ನಡುವಿನ ಗೆರೆ ಮಾತ್ರ ಎಲ್ಲವೂ ಶಾಂತವಾಗಿರುವ ಹೊತ್ತಿನಲ್ಲಿ ಯಾಕೆ ಕಾಣಿಸಿಕೊಳ್ಳುತ್ತದೆ?”

ನಾನು ಬಾಯಿ ತೆರೆಯುವದಕ್ಕೆ ಮೊದಲೇ ಅವಳ ತಂದೆಯವರು ನಗುತ್ತ ನುಡಿದರು: “ಅಕ್ಕೋರ, ಆ ಬೆಳಕು ನಮ್ಮೂರಾಗ ಕಾಣಾಂಗಿಲ್ಲ, ಎಂದೂ ಕಾಣಾಂಗಿಲ್ಲ. ಅದನ್ನ ತಗೊಂಡು ನಮ್ಮ ಹುಡುಗಿ ಏನ್ ಮಾಡ್ಯಾಳ್ರಿ? ಹತ್ತನೇ ಇಯತ್ತೆ ಮುಗೀಲಿ, ಮುಂದ ಆರ್ಟ್ಸ್ ಸಾಕು.”

ಒಂದೇ ಕಟ್ಟೆಯ ಮೇಲೆ ಎರಡು ಪ್ರಶ್ನೆಗಳು ಹುಟ್ಟಿದವು. ಮಗಳದು ಆಕಾಶದ ಪ್ರಶ್ನೆ. ತಂದೆಯದು ಮನೆಯ ಪ್ರಶ್ನೆ. ಎರಡೂ ನ್ಯಾಯವಾದವುಗಳೇ. ಅಂದು ಎರಡಕ್ಕೂ ನನ್ನಿಂದ ಸರಿಯಾದ ಉತ್ತರ ಕೊಡಲಾಗಲಿಲ್ಲ. ಆದಕಾರಣ ಊರಿನಿಂದ ಬಂದ ಮೇಲೆ ಆ ವಿಷಯವನ್ನು ಕುರಿತು ಸಿಕ್ಕಿದ್ದನ್ನೆಲ್ಲ ಓದಿ, ವಿಚಾರ ಮಾಡಿ, ಈ ಲೇಖನದಲ್ಲಿ ಉತ್ತರ ಹೇಳಲು ಯತ್ನಿಸಿದ್ದೇನೆ. ನಾನು ಕನ್ನಡ ಕಲಿಸುವ ಶಿಕ್ಷಕಿಯೇ ಹೊರತು ವಿಜ್ಞಾನ ಪಂಡಿತೆಯಲ್ಲ. ಅದಕ್ಕೆ ಕಾರಣವನ್ನು ಮುಂದೆ ಹೇಳುವೆನು.

ಮೊದಲು ಮಗಳ ಪ್ರಶ್ನೆಯನ್ನು ತೆಗೆದುಕೊಳ್ಳುವೆನು.

ಸೂರ್ಯನಿಂದ ಬೆಳಕೂ ಶಾಖವೂ ಮಾತ್ರವೇ ಅಲ್ಲ, ವಿದ್ಯುತ್ಕಣಗಳ ಒಂದು ಗಾಳಿಯೂ ಎಡೆಬಿಡದೆ ಬೀಸುತ್ತಿರುವದು. ಇದಕ್ಕೆ ಸೌರಮಾರುತವೆಂದು ಹೆಸರು. ಕಪ್ಪತಗುಡ್ಡದ ಮೇಲಿನ ಗಾಳಿಯಂತ್ರಗಳನ್ನು ತಿರುಗಿಸುವ ಗಾಳಿಗೂ ಇದಕ್ಕೂ ಹೋಲಿಕೆಯೇ ಇಲ್ಲ. ಇದು ಸಾಧಾರಣವಾಗಿ ಸೆಕೆಂಡಿಗೆ ಸುಮಾರು 400 ಕಿಲೋಮೀಟರು ವೇಗದಿಂದ ಬರುವದು. ಆದರೆ ನಮ್ಮ ಭೂಮಿಯು ಒಂದು ದೊಡ್ಡ ಅಯಸ್ಕಾಂತವಾಗಿರುವದರಿಂದ ಈ ಗಾಳಿಯು ನೇರವಾಗಿ ಒಳನುಗ್ಗಲಾರದು. ಭೂಮಿಯ ಕಾಂತಶಕ್ತಿಯು ಅದನ್ನು ಬದಿಗೆ ಸರಿಸುವದು. ಹೀಗೆ ಸರಿಸುವಾಗ ಆ ಕಾಂತಶಕ್ತಿಯ ಹೊದಿಕೆಯು ಹಗಲಿನ ಕಡೆಗೆ ಅದುಮಲ್ಪಟ್ಟು, ರಾತ್ರಿಯ ಕಡೆಗೆ ಚಂದ್ರನ ಕಕ್ಷೆಯನ್ನೂ ದಾಟಿ ಬಾಲದಂತೆ ಚಾಚಿಕೊಂಡಿರುವದು.

ಈ ಸೌರಮಾರುತವು ತನ್ನೊಡನೆ ಸೂರ್ಯನ ಕಾಂತಶಕ್ತಿಯನ್ನೂ ಹೊತ್ತು ತರುವದು. ಆ ಕಾಂತಶಕ್ತಿಯ ಮುಖ ಯಾವ ದಿಕ್ಕಿಗಿದೆ ಎಂಬದರ ಮೇಲೆ ಮುಂದಿನದೆಲ್ಲ ನಿಂತಿರುವದು. ಹಮ್ಮಿಗಿಯ ಬ್ಯಾರೇಜನ್ನು ನೋಡಿದವರಿಗೆ ಇದನ್ನು ತಿಳಿಸುವದು ಸುಲಭ. ನದಿಯಲ್ಲಿ ಎಷ್ಟೇ ನೀರಿರಲಿ, ಗೇಟು ಎತ್ತಿದರೆ ಮಾತ್ರ ಅದು ಹರಿದುಹೋಗುವದಲ್ಲವೇ? ಸೌರಮಾರುತದ ಕಾಂತಶಕ್ತಿಯು ದಕ್ಷಿಣಾಭಿಮುಖವಾಗಿದ್ದರೆ ಅದು ಭೂಮಿಯ ಕಾಂತಶಕ್ತಿಗೆ ವಿರುದ್ಧವಾಗಿರುವದರಿಂದ, ಹಗಲಿನ ಕಡೆಯಲ್ಲಿ ಭೂಮಿಯ ಕಾಂತರೇಖೆಗಳು ತುಂಡಾಗಿ ಸೌರಮಾರುತದ ರೇಖೆಗಳೊಡನೆ ಕೂಡಿಕೊಳ್ಳುವವು. ಇದುವೇ ಗೇಟು ತೆರೆದಂತೆ. ಹಾಗೆ ತೆರೆದ ರೇಖೆಗಳು ಧ್ರುವಗಳ ಮೇಲಿಂದ ಹಿಂದಕ್ಕೆ ಎಳೆಯಲ್ಪಟ್ಟು, ರಾತ್ರಿಯ ಬಾಲದಲ್ಲಿ ಉತ್ತರದ್ದೂ ದಕ್ಷಿಣದ್ದೂ ಪುನಃ ಒಂದಕ್ಕೊಂದು ಜೋಡಿಸಿಕೊಂಡು ಭೂಮಿಯ ಕಡೆಗೆ ಮರಳುವವು. ಜೇಮ್ಸ್ ಡಂಗಿ ಎಂಬ ಆಂಗ್ಲ ವಿಜ್ಞಾನಿಯು 1961ರಲ್ಲಿ ಈ ವಿಚಾರವನ್ನು ಮೊದಲು ಪ್ರಕಟಿಸಿದನು. ಈ ಜೋಡಣೆಯಲ್ಲಿ ಬಿಡುಗಡೆಯಾದ ಶಕ್ತಿಯಿಂದ ಎಲೆಕ್ಟ್ರಾನುಗಳು ಧ್ರುವಗಳ ಸುತ್ತಲಿನ ವಾಯುಮಂಡಲಕ್ಕೆ ಬಿದ್ದು, ನೂರು ಕಿಲೋಮೀಟರಿಗೂ ಮೇಲೆ ಆಮ್ಲಜನಕವನ್ನು ಹಸಿರಾಗಿ ಹೊಳೆಯಿಸುವವು. ಇನ್ನೂರು ಕಿಲೋಮೀಟರಿನ ಮೇಲೆ ಅದೇ ಆಮ್ಲಜನಕವು ಕೆಂಪಾಗಿ ಹೊಳೆಯುವದು. ಚಿತ್ರದಲ್ಲಿದ್ದ ಬಳೆಯೆಂದರೆ ಇದೇ.

ಆ ಬಳೆಯ ಒಳಗಿನ ಪ್ರದೇಶಕ್ಕೆ ಧ್ರುವದ ನೆತ್ತಿಯೆನ್ನೋಣ. ಅಲ್ಲಿಂದ ಹೊರಡುವ ಕಾಂತರೇಖೆಗಳು ತೆರೆದ ರೇಖೆಗಳಾದ್ದರಿಂದ, ಅಲ್ಲಿ ಬಿಸಿಯಾದ ಕಣಗಳು ಕೂಡಿಕೊಂಡಿರಲಾರವು. ಆ ನೆತ್ತಿಯು ಸಾಧಾರಣವಾಗಿ ಕತ್ತಲೆಯಾಗಿರುವದು. ಹೀಗಿರಲಾಗಿ, ಅದರ ನಡುವೆ ಬೆಳಕಿನ ಗೆರೆಯೊಂದು ಮೂಡಿದರೆ ಆಶ್ಚರ್ಯವೇ ಸರಿ. ಅದಕ್ಕಿಂತಲೂ ದೊಡ್ಡ ಆಶ್ಚರ್ಯವೇನೆಂದರೆ, ಸೌರಮಾರುತದ ಕಾಂತಶಕ್ತಿಯು ಉತ್ತರಾಭಿಮುಖವಾಗಿರುವಾಗಲೇ, ಅಂದರೆ ಗೇಟು ಮುಚ್ಚಿರುವ ಹೊತ್ತಿನಲ್ಲಿಯೇ, ಈ ಗೆರೆಯು ಕಾಣಿಸಿಕೊಳ್ಳುವದು. ಹುಡುಗಿಯು ಕೇಳಿದ ಪ್ರಶ್ನೆಯ ತಿರುಳು ಇಲ್ಲಿಯೇ ಇದೆ.

ಈ ಗೆರೆಗಳನ್ನು ಕಂಡವರಲ್ಲಿ ಮೊದಲಿಗರು ದಕ್ಷಿಣಧ್ರುವದ ಹಿಮದಲ್ಲಿ ದೀರ್ಘರಾತ್ರಿಗಳನ್ನು ಕಳೆದ ಅನ್ವೇಷಕರು. ಶ್ಯಾಕಲ್ಟನ್ನನ 1907–09ರ ಯಾತ್ರೆಯಲ್ಲಿದ್ದ ಡಗ್ಲಸ್ ಮಾಸನ್ ಎಂಬವನು ಕೇಪ್ ರಾಯ್ಡ್ಸ್ ಎಂಬಲ್ಲಿ ಮಾಡಿದ ಅವಲೋಕನಗಳನ್ನು 1916ರಲ್ಲಿ ಪ್ರಕಟಿಸಿದನು. ಗೆರೆಯ ಒಂದು ತುದಿ ಸೂರ್ಯನಿರುವ ದಿಕ್ಕಿಗೂ ಮತ್ತೊಂದು ತುದಿ ನಡುರಾತ್ರಿಯ ದಿಕ್ಕಿಗೂ ಇರುವದೆಂಬದು ಇಂಥ ಅವಲೋಕನಗಳಿಂದ ತಿಳಿದುಬಂದಿತು. ಆದರೆ ನೆಲದ ಮೇಲೆ ನಿಂತವರಿಗೆ ಗೆರೆಯ ಒಂದು ತುಂಡು ಮಾತ್ರ ಕಾಣುವದು. ಇಡೀ ಗೆರೆ ಕಾಣಲಾರದು. ಅಮೇರಿಕೆಯವರು 1981ರಲ್ಲಿ ಹಾರಿಸಿದ ಡೈನಾಮಿಕ್ಸ್ ಎಕ್ಸ್‌ಪ್ಲೋರರ್ ಉಪಗ್ರಹವು ಮೇಲಿನಿಂದ ನೋಡಿದಾಗಲೇ ಅದು ರಾತ್ರಿಯ ಕಡೆಯ ಬಳೆಯಿಂದ ಹಗಲಿನ ಕಡೆಯ ಬಳೆಯ ವರೆಗೂ ಸೇತುವೆಯಂತೆ ಚಾಚಿರಬಲ್ಲದೆಂದು ಗೊತ್ತಾಯಿತು. 1982ರಲ್ಲಿ ಲೂಯಿ ಫ್ರ್ಯಾಂಕ್ ಮತ್ತು ಅವನ ಸಂಗಡಿಗರು ಆ ಚಿತ್ರಗಳನ್ನು ಪ್ರಕಟಿಸಿದರು. ಗ್ರೀಕರ ಥೀಟಾ ಅಕ್ಷರದಂತೆ ಕಾಣುವದರಿಂದ ಅದಕ್ಕೆ ಥೀಟಾ ಪ್ರಭೆಯೆಂದು ಹೆಸರು ಬಂತು. ನಮ್ಮ ‘ಠ’ ಅಕ್ಷರದ ಒಳಗಿನ ಚುಕ್ಕೆಯನ್ನು ಉದ್ದಕ್ಕೆ ಎಳೆದು ಎರಡೂ ಅಂಚಿಗೆ ಮುಟ್ಟಿಸಿದರೆ ಹೇಗಾಗುವದೋ ಹಾಗೆ.

ಅಂದಿನಿಂದ ವಿವಾದ ಆರಂಭವಾಯಿತು. ಕೆಲವರು, ಈ ಗೆರೆಯ ಕೆಳಗಿನ ಕಾಂತರೇಖೆಗಳು ತೆರೆದವುಗಳೇ, ಸೌರಮಾರುತದ ಕಣಗಳೇ ಅವುಗಳ ಗುಂಟ ಇಳಿದು ಹೊಳೆಯುತ್ತವೆ ಎಂದರು. ಬೇರೆ ಕೆಲವರು, ಅಲ್ಲ, ಕತ್ತಲೆಯ ನೆತ್ತಿಯ ನಡುವೆ ಮುಚ್ಚಿದ ರೇಖೆಗಳ ಒಂದು ಪಟ್ಟಿಯು ಹೇಗೋ ಸಿಕ್ಕಿಹಾಕಿಕೊಂಡಿದೆ, ಅದರಲ್ಲಿರುವ ಬಿಸಿಕಣಗಳೇ ಹೊಳೆಯುತ್ತವೆ ಎಂದರು. ಎರಡು ಪಕ್ಷದಲ್ಲಿಯೂ ಬಲ್ಲವರೇ ಇದ್ದರು.

2005ರಲ್ಲಿ ಇಂಗ್ಲೆಂಡಿನ ಲೆಸ್ಟರ್ ವಿಶ್ವವಿದ್ಯಾಲಯದ ಸ್ಟೀಫನ್ ಮಿಲನ್ ಮತ್ತು ಅವರ ಸಂಗಡಿಗರು ಎರಡನೆಯ ಪಕ್ಷಕ್ಕೆ ಒಂದು ಕಾರಣವನ್ನು ಒದಗಿಸಿದರು. ಹಗಲಿನ ಕಡೆಯ ಗೇಟು ಮುಚ್ಚಿದ್ದರೂ, ಬಾಲದಲ್ಲಿ ಮೊದಲೇ ಶೇಖರವಾಗಿದ್ದ ತೆರೆದ ರೇಖೆಗಳ ಜೋಡಣೆಯು ನಡೆಯುತ್ತಲೇ ಇರಬಹುದು. ಸೌರಮಾರುತದ ಕಾಂತಶಕ್ತಿಗೆ ಪೂರ್ವಪಶ್ಚಿಮದ ವಾಲು ಇದ್ದರೆ, ಅದು ಈ ಬಾಲವನ್ನು ಹಗ್ಗದಂತೆ ಸ್ವಲ್ಪ ತಿರುಚುವದು. ಆಗ ಹೊಸದಾಗಿ ಜೋಡಣೆಯಾದ ರೇಖೆಯ ಉತ್ತರದ ಪಾದವು ನಡುರಾತ್ರಿಯ ಒಂದು ಮಗ್ಗುಲಿಗೂ ದಕ್ಷಿಣದ ಪಾದವು ಇನ್ನೊಂದು ಮಗ್ಗುಲಿಗೂ ಬೀಳುವದು. ಅಂಥ ರೇಖೆಯು ಹಗಲಿನ ಕಡೆಗೆ ಮರಳಬೇಕೆಂದರೆ ಒಂದು ಪಾದವು ಬೆಳಗಿನ ದಾರಿಯನ್ನೂ ಮತ್ತೊಂದು ಸಂಜೆಯ ದಾರಿಯನ್ನೂ ಹಿಡಿಯಲೆಳಸುವದು. ಗಾಡಿಯು ಕವಲುದಾರಿಗೆ ಬಂದಾಗ ಒಂದೆತ್ತು ಎಡಕ್ಕೂ ಒಂದೆತ್ತು ಬಲಕ್ಕೂ ಎಳೆದರೆ ಏನಾಗುವದೆಂಬದನ್ನು ನಮ್ಮ ಸೀಮೆಯ ಯಾವ ಮಗುವಾದರೂ ಹೇಳಬಲ್ಲದು. ಗಾಡಿ ಅಲ್ಲಿಯೇ ನಿಲ್ಲುವದು; ಹಿಂದಿನ ಗಾಡಿಗಳೂ ಅದರ ಬೆನ್ನಿಗೆ ಬಂದು ಸಾಲುಗಟ್ಟುವವು. ಹಾಗೆಯೇ ಸಿಕ್ಕಿಬಿದ್ದ ರೇಖೆಗಳು ಒಂದರ ಹಿಂದೊಂದು ಕೂಡುತ್ತ ಹೋದಂತೆ, ಅವುಗಳ ಬೆಳಕಿನ ಪಟ್ಟಿಯು ರಾತ್ರಿಯ ಬಳೆಯಿಂದ ಹೊರಟು ನೆತ್ತಿಯ ಮೇಲೆ ಹಗಲಿನ ಕಡೆಗೆ ಬೆಳೆಯುತ್ತ ಹೋಗುವದು.

ಇದು ಊಹೆಯಾಯಿತು, ಸಾಕ್ಷ್ಯ ಬೇಕಲ್ಲವೇ? ಸಾಕ್ಷ್ಯವು 2014ರ ಡಿಸೆಂಬರಿನಲ್ಲಿ ಪ್ರಕಟವಾಯಿತು. ರಾಬರ್ಟ್ ಫಿಯರ್ ಮತ್ತು ಅವರ ಸಂಗಡಿಗರು 2005ರ ಸಪ್ಟೆಂಬರ 15ನೆಯ ದಿನದ ದಾಖಲೆಗಳನ್ನು ತೆಗೆದು ನೋಡಿದರು. ಅಂದು ಯುರೋಪಿನವರ ಕ್ಲಸ್ಟರ್ ಎಂಬ ಗಗನನೌಕೆಗಳು ಧ್ರುವದ ನೆತ್ತಿಗೆ ಮೇಲಾಗಿ ಬಹುದೂರದಲ್ಲಿ ಸಂಚರಿಸುತ್ತಿದ್ದವು. ಅಮೇರಿಕೆಯವರ ಇಮೇಜ್ ಉಪಗ್ರಹವು ಕೆಳಗಿನ ಬೆಳಕಿನ ಚಿತ್ರವನ್ನು ತೆಗೆಯುತ್ತಿತ್ತು. ತಣ್ಣಗಿನ ಬರಿದಾದ ಪ್ರದೇಶವಾಗಿರಬೇಕಾದಲ್ಲಿ ಕ್ಲಸ್ಟರಿಗೆ ಬಿಸಿಕಣಗಳು ಸಿಕ್ಕವು; ಅವು ಮುಚ್ಚಿದ ರೇಖೆಗಳಲ್ಲಿ ಇರುವಂಥ ಕಣಗಳೇ ಆಗಿದ್ದವು. ಬೆಳಕಿನ ಗೆರೆಯು ಸರಿದು ನೌಕೆಯ ನೇರಕ್ಕೆ ಬಂದಾಗ ಬಿಸಿಕಣಗಳು ಕಂಡವು. ಗೆರೆಯು ಆಚೆಗೆ ಸರಿದಾಗ ಅವು ಮಾಯವಾದವು. ಹೀಗೆ ಮುಚ್ಚಿದ ರೇಖೆಗಳ ಪಕ್ಷಕ್ಕೆ ಬಲವಾದ ಪ್ರಮಾಣ ದೊರಕಿತು.

ಇಲ್ಲಿಗೆ ಎಲ್ಲವೂ ಮುಗಿಯಿತೆಂದು ತಿಳಿಯಬಾರದು. ನೆತ್ತಿಯ ಮೇಲಿನ ಎಲ್ಲ ಬೆಳಕುಗಳೂ ಒಂದೇ ಜಾತಿಯವುಗಳಲ್ಲ. 2022ರ ಡಿಸೆಂಬರ 25–26ರಂದು ಸೌರಮಾರುತವೇ ಹೆಚ್ಚುಕಡಿಮೆ ಇಲ್ಲದಂತಾದಾಗ ಧ್ರುವದ ನೆತ್ತಿಯ ಬಹುಭಾಗವು ನಯವಾದ ಹಸಿರು ಬೆಳಕಿನಿಂದ ತುಂಬಿತು. ಸ್ವಾಲ್‌ಬಾರ್ಡ್ ದ್ವೀಪದ ಲಾಂಗಿಯರ್‌ಬ್ಯೆನ್‌ನಲ್ಲಿಟ್ಟ ಕ್ಯಾಮೆರಾಕ್ಕೂ ಅದು ಕಂಡಿತು. ಅದು ಮುಚ್ಚಿದ ರೇಖೆಗಳ ಬೆಳಕಲ್ಲ. ಸೂರ್ಯನಿಂದ ತೆರೆದ ರೇಖೆಗಳ ಗುಂಟ ನೇರವಾಗಿ ಸುರಿದ ಎಲೆಕ್ಟ್ರಾನುಗಳ ಬೆಳಕೆಂದು 2024ರಲ್ಲಿ ಪ್ರಕಟವಾಯಿತು. ಅಂದರೆ ವಿವಾದದ ಎರಡೂ ಪಕ್ಷಗಳಿಗೆ ಆಕಾಶವು ಎಡೆಯನ್ನು ಕೊಟ್ಟಿದೆ. ಯಾವ ಬೆಳಕಿಗೆ ಯಾವ ಕಾರಣವೆಂಬದನ್ನು ಒಂದೊಂದಾಗಿ ನೋಡಿ ನಿರ್ಣಯಿಸಬೇಕೇ ಹೊರತು ಒಂದೇ ಮಾತಿನಲ್ಲಿ ತೀರಿಸಲಾಗದು.

ಮಗಳ ಪ್ರಶ್ನೆಗೆ ನನ್ನ ಉತ್ತರ ಇಷ್ಟು. ಇನ್ನು ತಂದೆಯವರ ಪ್ರಶ್ನೆ: ನಮ್ಮೂರಲ್ಲಿ ಕಾಣದ ಬೆಳಕಿನಿಂದ ನಮ್ಮ ಹುಡುಗಿಗೆ ಆಗಬೇಕಾದದ್ದೇನು?

ಥೀಟಾದ ಗೆರೆಯು ಕೊರ್ಲಹಳ್ಳಿಯ ಆಕಾಶದಲ್ಲಿ ಕಾಣುವ ಸಂಭವವಿಲ್ಲವೆಂಬದು ನಿಜವೇ. ನಾವು ಭೂಮಿಯ ಕಾಂತವಿಷುವದ ಹತ್ತಿರದವರು. ಆದರೆ ಆ ಗೆರೆಯನ್ನೂ ಬಳೆಯನ್ನೂ ಆಳುವ ಸೌರಮಾರುತವು ನಮ್ಮ ಸೀಮೆಗೆ ಸಂಬಂಧಪಡದ ವಸ್ತುವೆಂದು ಹೇಳಲಾಗದು. ನಮ್ಮ ಧಾರವಾಡ ಜಿಲ್ಲೆಯು ಮುಂಬಯಿ ಇಲಾಖೆಗೆ ಸೇರಿದ್ದ ಕಾಲದಲ್ಲಿ, 1859ರ ಸಪ್ಟೆಂಬರ 2ರಂದು, ಮುಂಬಯಿಯ ಕೊಲಾಬಾ ವೇಧಶಾಲೆಯ ಕಾಂತಮಾಪಕವು ಅಪಾರವಾದ ಇಳಿತವನ್ನು ತೋರಿಸಿತು. ಆ ದಾಖಲೆಯನ್ನು ಜಗತ್ತಿನ ವಿಜ್ಞಾನಿಗಳು ಇಂದಿಗೂ ತೆಗೆದು ನೋಡುತ್ತಾರೆ. 1872ರ ಫೆಬ್ರುವರಿ 4ರ ಕಾಂತಚಂಡಮಾರುತದಲ್ಲಿ ಮುಂಬಯಿಯಲ್ಲಿಯೇ ಧ್ರುವಪ್ರಭೆಯು ಕಂಡಿತೆಂದು ಅಲ್ಲಿಯ ಪತ್ರಿಕೆಯು ವರದಿ ಮಾಡಿತು. ಮುಂದೆ ಮುಂಬಯಿಯಲ್ಲಿ ವಿದ್ಯುತ್ತಿನ ಟ್ರಾಮುಗಳು ಓಡಬೇಕಾದಾಗ, ಕಾಂತಮಾಪಕಗಳಿಗೆ ಅಡಚಣೆಯಾಗದಿರಲೆಂದು 1904ರಲ್ಲಿ ಆ ಕೆಲಸವನ್ನು ಅಲಿಬಾಗಕ್ಕೆ ಸಾಗಿಸಿದರು. ಒಂದು ಸೂಜಿಯ ಅಲುಗಾಟವನ್ನು ಸರಿಯಾಗಿ ಬರೆದಿಡುವದಕ್ಕಾಗಿ ಇಷ್ಟು ಕಾಳಜಿಪಟ್ಟವರು ವ್ಯರ್ಥವಾಗಿ ದುಡಿದವರೇನು?

ಇನ್ನೂ ಸಮೀಪದ ಮಾತು ಹೇಳುವೆನು. ಸೌರಮಾರುತವು ಆಗೊಮ್ಮೆ ಈಗೊಮ್ಮೆ ಬೀಸುವ ಗಾಳಿಯಲ್ಲ, ಎಡೆಬಿಡದ ಗಾಳಿಯೆಂಬದನ್ನು ಮ್ಯಾರಿನರ್ 2 ಎಂಬ ನೌಕೆಯ 1962ರ ದಾಖಲೆಗಳಿಂದ ಸ್ಥಾಪಿಸಿದವರಲ್ಲಿ, ಮತ್ತು ಅದರ ವೇಗಕ್ಕೂ ಭೂಮಿಯ ಕಾಂತಶಕ್ತಿಯ ಏರುಪೇರಿಗೂ ಇರುವ ಸಂಬಂಧವನ್ನು ತೋರಿಸಿದವರಲ್ಲಿ ಒಬ್ಬರು ಕನ್ನಡಿಗರು. ಅವರೇ ಉಡುಪಿಯ ಬಳಿಯ ಅದಮಾರಿನಲ್ಲಿ 1932ರಲ್ಲಿ ಹುಟ್ಟಿದ ಉಡುಪಿ ರಾಮಚಂದ್ರ ರಾಯರು. ಉಡುಪಿಯ ಕ್ರಿಶ್ಚಿಯನ್ ಹೈಸ್ಕೂಲಿನಲ್ಲಿಯೂ ಅನಂತರ ಬಳ್ಳಾರಿಯ ವೀರಶೈವ ಕಾಲೇಜಿನಲ್ಲಿಯೂ ಓದಿದವರು. ಅದಮಾರಿನ ಆಕಾಶದಲ್ಲಿಯೂ ಧ್ರುವಪ್ರಭೆಯು ಕಾಣುವದಿಲ್ಲ. ಕಾಣದ ಬೆಳಕಿನ ಕಾರಣವನ್ನು ಹುಡುಕಬಾರದೆಂದು ಅವರ ಹಿರಿಯರು ಅವರನ್ನು ತಡೆದಿದ್ದರೆ ನಷ್ಟವು ಯಾರದಾಗುತ್ತಿತ್ತು?

“ಅವರು ಗಂಡಸರು” ಎಂದು ಹೇಳುವವರು ಹೇಳಬಹುದು. ಹಾಗಾದರೆ ಕೇಳಿರಿ. 1983ರಲ್ಲಿ ಹೊರಟ ಭಾರತದ ಮೂರನೆಯ ದಂಡಯಾತ್ರೆಯಲ್ಲಿ ಅದಿತಿ ಪಂತ್ ಮತ್ತು ಸುದೀಪ್ತಾ ಸೇನಗುಪ್ತಾ ಎಂಬ ಇಬ್ಬರು ಮಹಿಳೆಯರು ಅಂಟಾರ್ಕ್‌ಟಿಕದ ಹಿಮದ ಮೇಲೆ ಕಾಲಿಟ್ಟರು. 2023ರ ಸಪ್ಟೆಂಬರ 2ರಂದು ಶ್ರೀಹರಿಕೋಟೆಯಿಂದ ಹೊರಟ ಆದಿತ್ಯ ಎಲ್-1 ನೌಕೆಯ ಯೋಜನಾ ನಿರ್ದೇಶಕಿಯು ನಿಗಾರ್ ಶಾಜಿ ಎಂಬ ಮಹಿಳೆ. ಆ ನೌಕೆಯು 2024ರ ಜನವರಿ 6ರಂದು ಭೂಮಿಯಿಂದ 15 ಲಕ್ಷ ಕಿಲೋಮೀಟರು ದೂರದ ತನ್ನ ಕಕ್ಷೆಯನ್ನು ಸೇರಿತು. ಅದರಲ್ಲಿರುವ ಕಾಂತಮಾಪಕವನ್ನು ಬೆಂಗಳೂರಿನಲ್ಲಿ ತಯಾರಿಸಿದರು. ಅದು ಆರು ಮೀಟರು ಉದ್ದದ ತೋಳಿನ ಮೇಲೆ ಕುಳಿತು, ಸೌರಮಾರುತದ ಕಾಂತಶಕ್ತಿಯ ಮುಖವು ಉತ್ತರಕ್ಕಿದೆಯೋ ದಕ್ಷಿಣಕ್ಕಿದೆಯೋ ಎಂಬದನ್ನೇ ಅಳೆಯುವದು. ನಾನು ಮೇಲೆ ಹೇಳಿದ ಗೇಟಿನ ಸ್ಥಿತಿಯನ್ನು ಕಾಯುವ ಕಾವಲುಗಾರ ಅದೇ. ಅದರ ಮುಖ್ಯ ದೂರದರ್ಶಕವನ್ನು ನಿರ್ಮಿಸಿದ್ದು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ. ಅದಕ್ಕೆ 2019ರಲ್ಲಿ ನಿರ್ದೇಶಕಿಯಾಗಿ ನೇಮಕಗೊಂಡವರು ಅನ್ನಪೂರ್ಣಿ ಸುಬ್ರಮಣ್ಯಂ. 2024ರ ಮೇ 10–11ರ ರಾತ್ರಿ ದೊಡ್ಡ ಕಾಂತಚಂಡಮಾರುತ ಬಂದಾಗ ಲಡಾಖಿನ ಹಾನ್ಲೆಯಲ್ಲಿ ಕೆಂಪಾದ ಆಕಾಶವನ್ನು ಸೆರೆಹಿಡಿದದ್ದು ಇದೇ ಸಂಸ್ಥೆಯ ಕ್ಯಾಮೆರಾಗಳು. ಧ್ರುವವು ದೂರವಿರಬಹುದು, ಅದನ್ನು ತಿಳಿಯುವ ಕೆಲಸವು ಬೆಂಗಳೂರಿನಲ್ಲಿಯೇ ನಡೆದಿದೆ. ಗದಗದಿಂದ ರೈಲಿನಲ್ಲಿ ಒಂದು ರಾತ್ರಿಯ ಹಾದಿ ಅಷ್ಟೇ.

ಉಪಯೋಗವೇನೆಂದು ಕೇಳುವ ಪಾಲಕರಿಗೂ ಉತ್ತರವುಂಟು. 1989ರ ಮಾರ್ಚಿನಲ್ಲಿ ಇಂಥದೊಂದು ಚಂಡಮಾರುತದಿಂದ ಕೆನಡಾದ ಕ್ವಿಬೆಕ್ ಪ್ರಾಂತದಲ್ಲಿ ಸುಮಾರು 60 ಲಕ್ಷ ಜನರಿಗೆ ಹಲವು ತಾಸು ವಿದ್ಯುತ್ತು ಇಲ್ಲದಾಯಿತು. 2022ರ ಫೆಬ್ರುವರಿಯಲ್ಲಿ ಅಮೇರಿಕದ ಕಂಪನಿಯೊಂದು ಹಾರಿಸಿದ 49 ಉಪಗ್ರಹಗಳಲ್ಲಿ ಹೆಚ್ಚಿನವು, ಚಂಡಮಾರುತದಿಂದ ಮೇಲಿನ ವಾಯುಮಂಡಲವು ದಟ್ಟವಾದ್ದರಿಂದ, ಕಕ್ಷೆಗೇರಲಾರದೆ ಹೋದವು. ಮಳೆಯ ಮುನ್ಸೂಚನೆಯನ್ನು ಕೇಳಿ ಬಿತ್ತನೆ ಮಾಡುವ ರೈತನೂ ಇಂದು ಉಪಗ್ರಹವನ್ನು ನಂಬಿದವನೇ. ನೆತ್ತಿಯ ಮೇಲಿನ ಗೆರೆಯು ತಾನಾಗಿ ಯಾರಿಗೂ ಕೇಡು ಮಾಡದು, ನಿಜ. ಆದರೆ ಗೇಟು ಮುಚ್ಚಿದ್ದಾಗಲೂ ಒಳಗೆ ಏನು ನಡೆಯುತ್ತಿರುವದೆಂದು ತಿಳಿಯದವರು, ಗೇಟು ತೆರೆದಾಗ ಏನಾಗುವದೆಂಬದನ್ನು ಪೂರ್ತಿಯಾಗಿ ತಿಳಿದವರಲ್ಲ.

ಆದರೂ ಉಪಯೋಗವೊಂದನ್ನೇ ಹಿಡಿದು ನಾನು ವಾದಿಸಲಾರೆನು. ನನ್ನ ಅಭಿಪ್ರಾಯದಲ್ಲಿ ಈ ಬೆಳಕಿನ ಕಥೆಯಿಂದ ಹೆಣ್ಣುಮಕ್ಕಳು ಕಲಿಯತಕ್ಕ ದೊಡ್ಡ ಪಾಠವು ಬೇರೆ. ಶಾಲೆಯಲ್ಲಿ ನಾವು ಉತ್ತರವುಳ್ಳ ಪ್ರಶ್ನೆಗಳನ್ನೇ ಕೇಳುತ್ತೇವೆ. ಉತ್ತರವನ್ನು ಒಪ್ಪಿಸಿದವಳೇ ಜಾಣೆಯಾಗುತ್ತಾಳೆ. ಆದ್ದರಿಂದ ತಿಳಿಯತಕ್ಕದ್ದೆಲ್ಲವೂ ಆಗಲೇ ತಿಳಿದುಹೋಗಿದೆ, ಅದನ್ನು ತಿಳಿದವರು ಬೇರೆ ಯಾರೋ ದೊಡ್ಡವರು, ತನ್ನ ಕೆಲಸವು ನೆನಪಿಡುವದಷ್ಟೇ ಎಂದು ಹುಡುಗಿಯು ನಂಬಿಬಿಡುತ್ತಾಳೆ. ನೋಡಿರಿ: ಈ ಗೆರೆಯ ಕಾರಣವನ್ನು ಕುರಿತು ಬಲ್ಲವರೇ ದಶಕಗಳ ಕಾಲ ಎರಡು ಪಕ್ಷವಾಗಿದ್ದರು. 2005ರಲ್ಲಿ ದೊರೆತ ಸಾಕ್ಷ್ಯವು 2014ರ ವರೆಗೆ ಲೋಕದ ಕಣ್ಣಿಗೆ ಬೀಳಲಿಲ್ಲ. ಚಿತ್ರ ತೆಗೆದ ಇಮೇಜ್ ಉಪಗ್ರಹವು ಅದೇ ವರ್ಷದ ಡಿಸೆಂಬರಿನಲ್ಲಿಯೇ ಮೌನವಾಗಿತ್ತು. ಹಳೆಯ ದಾಖಲೆಗಳನ್ನು ಸರಿಯಾದ ಪ್ರಶ್ನೆಯೊಡನೆ ತಾಳ್ಮೆಯಿಂದ ತಿರುವಿಹಾಕಿದವರಿಗೆ ಅದು ಸಿಕ್ಕಿತು. ಇಂಥ ದಾಖಲೆಗಳಲ್ಲಿ ಬಹಳಷ್ಟನ್ನು ಇಂದು ಯಾರಾದರೂ ನೋಡಬಹುದು. ಆದಿತ್ಯ ಎಲ್-1ರ ದಾಖಲೆಗಳನ್ನೂ ಇಸ್ರೋದವರು 2025ರಿಂದ ಸಾರ್ವಜನಿಕರಿಗೆ ತೆರೆದಿಟ್ಟಿದ್ದಾರೆ. ಅಕ್ಕಿಯಲ್ಲಿಯ ಹರಳನ್ನು ಒಂದೊಂದಾಗಿ ಹೆಕ್ಕುವ ನಮ್ಮ ತಾಯಂದಿರ ತಾಳ್ಮೆಯು, ಅಂಕಿಗಳ ರಾಶಿಯಲ್ಲಿ ಒಂದು ಗುರುತನ್ನು ಹುಡುಕುವ ತಾಳ್ಮೆಗಿಂತ ಕಡಿಮೆಯಾದದ್ದಲ್ಲ. ಕಡಿಮೆಯಾಗಿರುವದು ಶಿಕ್ಷಣ ಮಾತ್ರ.

ಇಲ್ಲಿ ನನ್ನ ಮಾತನ್ನೂ ಹೇಳಬೇಕು. ಒಂಬತ್ತನೆಯ ತರಗತಿಯಲ್ಲಿರುವಾಗ ಒಂದು ದಿನ ಕಾಗದದ ಮೇಲೆ ಕಬ್ಬಿಣದ ಪುಡಿಯನ್ನು ಉದುರಿಸಿ, ಕೆಳಗೆ ಅಯಸ್ಕಾಂತವನ್ನು ಹಿಡಿದು, ಪುಡಿಯು ತಾನಾಗಿ ಗೆರೆಗೆರೆಯಾಗಿ ನಿಲ್ಲುವದನ್ನು ನಮ್ಮ ವಿಜ್ಞಾನದ ಅಕ್ಕೋರು ತೋರಿಸಿದರು. ಗೆರೆಗಳ ನಡುವಿನ ಬರಿಯ ಜಾಗದಲ್ಲಿ ಏನಿದೆಯೆಂದು ನಾನು ಕೇಳಿದೆನು. ಅವರು ಕೋಪಿಸಿಕೊಳ್ಳಲಿಲ್ಲ, “ಒಳ್ಳೆಯ ಪ್ರಶ್ನೆ, ಮುಂದೆ ಕಾಲೇಜಿನಲ್ಲಿ ಕಲಿಯುವಿ” ಎಂದರು. ಆ ಕಾಲೇಜು ನನ್ನ ಪಾಲಿಗೆ ಬರಲಿಲ್ಲ. ನಮ್ಮ ತಂದೆಯವರು ಕಠಿಣರಲ್ಲ. ನನ್ನ ಮೇಲೆ ಪ್ರಾಣವಿಟ್ಟುಕೊಂಡವರು. ವಿಜ್ಞಾನವೆಂದರೆ ಖರ್ಚು ಹೆಚ್ಚು, ಊರಿನಿಂದ ದೂರ, ಪ್ರಯೋಗಶಾಲೆ ಮುಗಿಯುವ ಹೊತ್ತಿಗೆ ಕಡೆಯ ಬಸ್ಸು ಹೋಗಿಬಿಡುತ್ತದೆ ಎಂದು ಅಂಜಿದರು. ಅವರ ಅಂಜಿಕೆಯು ಸುಳ್ಳಾಗಿರಲಿಲ್ಲ. ನಾನು ಕನ್ನಡವನ್ನು ಓದಿದೆನು, ಪ್ರೀತಿಯಿಂದಲೇ ಓದಿದೆನು, ಅದಕ್ಕಾಗಿ ಪಶ್ಚಾತ್ತಾಪವಿಲ್ಲ. ಆದರೆ ನಾನೇ ಆರಿಸಿಕೊಂಡು ಓದಿದೆನೆಂದು ಹೇಳಲಾರೆನು. ಹೋದ ಬೇಸಿಗೆಯಲ್ಲಿ ಆ ಹುಡುಗಿಯ ತಂದೆಯವರ ಮಾತು ಕೇಳಿದಾಗ ನನಗೆ ನಮ್ಮ ತಂದೆಯವರ ದನಿಯೇ ಕೇಳಿದಂತಾಯಿತು.

ಪಾಲಕರ ಆಕ್ಷೇಪಗಳನ್ನು ನಾನು ಹಗುರಾಗಿ ಎಣಿಸಲಾರೆನು. ವಿಜ್ಞಾನ ಓದಿದವರೆಲ್ಲರೂ ವಿಜ್ಞಾನಿಗಳಾಗುವದಿಲ್ಲ, ನಿಜ. ಆದರೆ ಕನ್ನಡ ಓದಿದವರೆಲ್ಲರೂ ಕವಿಗಳಾಗುವದುಂಟೇ? ಕಾರಣವನ್ನು ಕೇಳುವ ಅಭ್ಯಾಸವುಳ್ಳ ಹೆಂಗಸು ಮನೆಯಲ್ಲಿದ್ದರೆ, ಮಗುವಿಗೆ ಜ್ವರ ಬಂದಾಗಲೂ, ಸಾಲದ ಕಾಗದಕ್ಕೆ ಸಹಿ ಕೇಳಿದಾಗಲೂ ಆ ಅಭ್ಯಾಸವು ಅವಳ ಕೈಬಿಡದು. ಮದುವೆಯ ವಯಸ್ಸು ಮೀರುವದೆಂಬ ಭಯಕ್ಕೂ ಒಂದೇ ಮಾತು: ಆರ್ಟ್ಸ್ ಓದುವ ಎರಡು ವರ್ಷಗಳೂ ವಿಜ್ಞಾನ ಓದುವ ಎರಡು ವರ್ಷಗಳೂ ಒಂದೇ ಉದ್ದದವು. ಇನ್ನು ದೂರ, ಬಸ್ಸು ಮತ್ತು ಖರ್ಚು. ಇವು ನಿಜವಾದ ತೊಂದರೆಗಳು. ಇವುಗಳನ್ನು ಉಪದೇಶದಿಂದ ನಿವಾರಿಸಲಾಗದು, ಏರ್ಪಾಡಿನಿಂದಲೇ ನಿವಾರಿಸಬೇಕು.

ಆದಕಾರಣ ಹಳೆಯ ವಿದ್ಯಾರ್ಥಿನಿಯರ ಮುಂದೆ ಎರಡು ಸೂಚನೆಗಳನ್ನು ಇಡುತ್ತೇನೆ. ಒಂದನೆಯದು: ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರಗಳ ಕಡೆಯ ಹಳ್ಳಿಗಳಿಂದ ಬಂದು, ಹತ್ತನೆಯ ತರಗತಿಯ ಅನಂತರ ವಿಜ್ಞಾನವನ್ನು ಓದಲು ಇಚ್ಛಿಸುವ ನಮ್ಮ ಹುಡುಗಿಯರಿಗಾಗಿ ನಾವೆಲ್ಲರೂ ಕೂಡಿ ಒಂದು ಸಣ್ಣ ನಿಧಿಯನ್ನು ಮಾಡೋಣ. ವಸತಿಗೃಹದ ಖರ್ಚು ಹೊರಡುವಷ್ಟಾದರೂ ಸಾಕು. ಗದಗ-ಬೆಟಗೇರಿಯಲ್ಲಿ ಮನೆಯುಳ್ಳವರು, ಪ್ರಯೋಗಶಾಲೆಯ ದಿನ ಬಸ್ಸು ತಪ್ಪಿದ ಹುಡುಗಿಗೆ ಒಂದು ರಾತ್ರಿ ಊಟವಿಟ್ಟು ಮಲಗಿಸಿಕೊಂಡರೆ ಅದೂ ನಿಧಿಯೇ. ಎರಡನೆಯದು ಶಾಲೆಯವರಿಗೆ: ಫಲಕದ ಮೇಲೆ ವಾರಕ್ಕೊಂದು ಸುಭಾಷಿತವನ್ನು ಬರೆಯುವಂತೆಯೇ, ಇನ್ನೂ ಪೂರ್ತಿ ಉತ್ತರ ದೊರೆಯದ ಒಂದು ಪ್ರಶ್ನೆಯನ್ನೂ ಬರೆಯಿಸಿರಿ, ಯಾರು ಯಾವ ಪಕ್ಷವನ್ನು ಹಿಡಿದಿದ್ದಾರೆ, ಯಾವ ಸಾಕ್ಷ್ಯದಿಂದ ಹಿಡಿದಿದ್ದಾರೆ ಎಂಬದನ್ನು ಕೆಳಗೆ ಬರೆಯಿಸಿರಿ. ಅಂಕಗಳನ್ನು ಕೊಡಬೇಡಿರಿ. ಹುಡುಗಿಯರು ವಾದಿಸಲಿ.

ಪಾಲಕರಲ್ಲಿ ನನ್ನ ಬಿನ್ನಹವು ಒಂದೇ. ಮಗಳು ವಿಜ್ಞಾನವನ್ನೇ ಓದಬೇಕೆಂದು ನಾನು ಹೇಳುವದಿಲ್ಲ. ಅವಳು ಏನನ್ನು ಓದಬೇಕೆಂಬದನ್ನು ನಿಶ್ಚಯಿಸುವ ಮೊದಲು ಅವಳನ್ನು ಒಂದು ಮಾತು ಕೇಳಿರಿ. ಕೇಳಿ, ಅವಳ ಉತ್ತರವು ಮುಗಿಯುವ ವರೆಗೆ ಕಾಯಿರಿ. ಗಾಡಿಯು ಕವಲಿನಲ್ಲಿ ನಿಂತಾಗ ಎರಡೂ ಎತ್ತುಗಳನ್ನು ಹೊಡೆದು ಪ್ರಯೋಜನವಿಲ್ಲ. ಎಲ್ಲಿಗೆ ಹೋಗಬೇಕೆಂಬದು ಮೊದಲು ಗೊತ್ತಾಗಬೇಕು.

ಊರಿನಿಂದ ಹೊರಡುವ ದಿನ ಆ ಹುಡುಗಿಯ ತಂದೆಯವರು ಬಸ್ಸಿನ ವರೆಗೆ ನನ್ನ ಚೀಲವನ್ನು ಹೊತ್ತು ತಂದರು. ನಾನು ಮತ್ತೊಮ್ಮೆ ಮಾತು ತೆಗೆದಾಗ, “ನೋಡೋಣ್ರಿ ಅಕ್ಕೋರ, ರಿಜಲ್ಟ್ ಬರಲಿ” ಎಂದಷ್ಟೇ ಹೇಳಿದರು. ಈ ಸಂಚಿಕೆಯು ಅವರ ಮನೆಗೂ ಹೋಗುವದು. ಮಗಳ ಪ್ರಶ್ನೆಗೆ ನಾನು ಕೊಟ್ಟ ಉತ್ತರದಲ್ಲಿ ಕೊರತೆಗಳಿರಬಹುದು. ಅವುಗಳನ್ನು ತಿದ್ದುವಷ್ಟು ಅವಳು ಓದಲೆಂದು ಹಾರೈಸುತ್ತೇನೆ.

— ಕೊರ್ಲಹಳ್ಳಿಯ ಒಬ್ಬ ಹಳೆಯ ವಿದ್ಯಾರ್ಥಿನಿ